ಕೆಲಸ ಹೋದರೂ ಸಂಬಳ ಬಿಡಬೇಡಿ

ಯಗಟಿ ಹೋಬಳಿಯಿಂದ ಬೆಂಗಳೂರಿನ ಗಾರ್ಮೆಂಟ್ಸ್, ಹೋಟೆಲ್, ಸೆಕ್ಯುರಿಟಿ ಕೆಲಸಗಳಿಗೆ ಹೋದವರು ಎಷ್ಟೋ ಮಂದಿ. ಒಂದು ಸಂಜೆ ಸೂಪರ್‌ವೈಸರ್ ‘ನಾಳೆಯಿಂದ ಬರಬೇಡ’ ಅಂದರೆ ಬ್ಯಾಗು ಕಟ್ಟಿಕೊಂಡು ಕಡೂರಿನಲ್ಲೋ ಬೀರೂರಿನಲ್ಲೋ ರೈಲಿಳಿದುಬಿಡುತ್ತಾರೆ. ದುಡಿದ ತಿಂಗಳ ಸಂಬಳ ಮಾತ್ರ ‘ಮುಂದಿನ ವಾರ ಹಾಕ್ತೀವಿ’ ಅನ್ನುವ ಫೋನಿನಲ್ಲೇ ಉಳಿಯುತ್ತದೆ.

ಮುಂದಿನ ವಾರದ ಮಾತಿಗೆ ಕಾನೂನಿನಲ್ಲಿ ಜಾಗವಿಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ವೇತನ ಸಂಹಿತೆಯ ಪ್ರಕಾರ, ಕೆಲಸದಿಂದ ತೆಗೆದರೂ ನೀವೇ ಬಿಟ್ಟರೂ ಎರಡು ಕೆಲಸದ ದಿನಗಳೊಳಗೆ ಬಾಕಿ ವೇತನ ಕೈಸೇರಬೇಕು. 1936ರ ವೇತನ ಪಾವತಿ ಕಾಯ್ದೆ ಒಂದು ಮಿತಿಯೊಳಗಿನ ಸಂಬಳದವರಿಗೆ ಮಾತ್ರ ಅನ್ವಯಿಸುತ್ತಿತ್ತು, ಈಗ ಆ ಮಿತಿಯಿಲ್ಲ.

ರೈಲು ಹತ್ತುವ ಮೊದಲೇ ದಾಖಲೆ ಹೊಂದಿಸಿಕೊಳ್ಳಿ, ಊರಿಗೆ ಬಂದ ಮೇಲೆ ಸಿಗುವುದು ಕಷ್ಟ. ಗುರುತಿನ ಚೀಟಿ, ಸಂಬಳ ಚೀಟಿ, ಪಾಸ್‌ಬುಕ್, ಪಿಎಫ್ ಮತ್ತು ಇಎಸ್‌ಐ ಸಂಖ್ಯೆ, ಹಾಜರಿ ಪುಸ್ತಕದ ಫೋಟೊ, ‘ಬರಬೇಡ’ ಎಂದ ವಾಟ್ಸ್‌ಆ್ಯಪ್ ಸಂದೇಶ, ಯಾವುದನ್ನೂ ಬಿಡಬೇಡಿ. ಏನೂ ಇಲ್ಲದಿದ್ದರೆ ಜೊತೆಗೆ ದುಡಿದವರ ಹೆಸರು, ಫೋನ್ ನಂಬರ್ ಬರೆದುಕೊಳ್ಳಿ. ನೀವು ಅಲ್ಲಿ ಕೆಲಸ ಮಾಡಿದ್ದಿರಿ ಎಂಬುದಕ್ಕೆ ಇವೆಲ್ಲ ಆಧಾರ. ಸಂಬಳ ಕೊಟ್ಟಾಗಿದೆ ಎಂದು ಸಾಬೀತು ಮಾಡುವ ಹೊಣೆ ಮಾಲೀಕರದು. ಅದಕ್ಕೇ ಅವರು ಖಾಲಿ ಹಾಳೆಗೋ ‘ಪೂರ್ಣ ಲೆಕ್ಕ ಮುಗಿದಿದೆ’ ಎಂಬ ಕಾಗದಕ್ಕೋ ಸಹಿ ಕೇಳುವುದು. ಹಾಕಬೇಡಿ. ಅರ್ಧ ಹಣ ಕೊಟ್ಟು ಸಹಿ ಕೇಳಿದರೆ ‘ಇಷ್ಟು ಬಂದಿದೆ, ಉಳಿದದ್ದು ಬಾಕಿ’ ಎಂದು ಸಹಿಯ ಮೇಲೆಯೇ ಬರೆಯಿರಿ.

ಆಮೇಲೆ ಲೆಕ್ಕ. ದುಡಿದ ದಿನಗಳ ಸಂಬಳ, ಓವರ್‌ಟೈಮ್‌ಗೆ ದುಪ್ಪಟ್ಟು, ಉಳಿದ ಗಳಿಕೆ ರಜೆ, ಬೋನಸ್, ತುಟ್ಟಿಭತ್ಯೆ. ಕೊನೆಯದನ್ನು ಸಣ್ಣದೆಂದು ಬಿಡಬೇಡಿ. 2020ರ ಏಪ್ರಿಲ್‌ನಿಂದ ಕೊಡಬೇಕಿದ್ದ ತಿಂಗಳಿಗೆ 417 ರೂಪಾಯಿ 60 ಪೈಸೆ ತುಟ್ಟಿಭತ್ಯೆಯನ್ನು ರಾಜ್ಯದ ಹಲವು ಗಾರ್ಮೆಂಟ್ಸ್ ಕಾರ್ಖಾನೆಗಳು ಹೈಕೋರ್ಟ್ ಹೇಳಿದ ಮೇಲೂ ತಡೆಹಿಡಿದಿದ್ದವು. ಯೂನಿಯನ್‌ಗಳು ಪಟ್ಟು ಬಿಡದ್ದರಿಂದ 2022ರ ಹೊತ್ತಿಗೆ ದೊಡ್ಡ ಕಂಪನಿಯೊಂದು ಬಾಕಿ ಕೊಡಲು ಒಪ್ಪಿತು.

ಲೆಕ್ಕವನ್ನು ಒಂದು ಪುಟದ ಪತ್ರ ಮಾಡಿ, ಗಡುವು ಹಾಕಿ, ಅಂಚೆಯಲ್ಲಿ ಕಳಿಸಿ. ರಿಜಿಸ್ಟರ್ ಅಂಚೆ ಈಗ ಸ್ಪೀಡ್ ಪೋಸ್ಟ್‌ನಲ್ಲೇ ಸೇರಿಹೋಗಿದೆ. ರಸೀದಿ, ನಕಲು ಎರಡೂ ನಿಮ್ಮಲ್ಲಿರಲಿ. ಫೋನಿನಲ್ಲಿ ಜಗಳವಾಡಿದ್ದಕ್ಕೆ ದಾಖಲೆಯಿಲ್ಲ.

ಉತ್ತರ ಬಾರದಿದ್ದರೆ ಕಾರ್ಮಿಕ ಇಲಾಖೆಗೆ ಹೋಗಿ. ನಮ್ಮವರು ಎಡವುವುದು ಇಲ್ಲೇ. ದುಡಿದದ್ದು ಬೆಂಗಳೂರಿನಲ್ಲಾದರೆ ಅರ್ಜಿ ಹೋಗಬೇಕಾದ್ದು ಅಲ್ಲಿನ ಅಧಿಕಾರಿಗೆ. ಚಿಕ್ಕಮಗಳೂರಿನ ಕಾರ್ಮಿಕ ಅಧಿಕಾರಿ ಕಚೇರಿ ಈ ಜಿಲ್ಲೆಯೊಳಗೆ, ಅಂದರೆ ಕಡೂರಿನ ಅಂಗಡಿಯಲ್ಲೋ ಮಲೆನಾಡಿನ ಕಾಫಿ ತೋಟದಲ್ಲೋ ದುಡಿದವರಿಗೆ. ಪದೇ ಪದೇ ಬೆಂಗಳೂರಿಗೆ ಓಡಾಡಲಾಗದವರ ಪರವಾಗಿ ಅವರ ನೋಂದಾಯಿತ ಯೂನಿಯನ್ ಅರ್ಜಿ ಹಾಕಬಹುದು. ಗುತ್ತಿಗೆದಾರ ನಾಪತ್ತೆಯಾದರೆ ಕೆಲಸ ಮಾಡಿಸಿಕೊಂಡ ಕಂಪನಿಯನ್ನೇ ಹಿಡಿಯಿರಿ, ಸಂಬಳದ ಹೊಣೆ ಅದಕ್ಕೂ ಇದೆ.

ಅರ್ಜಿಗೆ ಮೂರು ವರ್ಷ ಕಾಲಾವಕಾಶ. ಹಳೆಯ ಕಾಯ್ದೆಯಲ್ಲಿ ಒಂದೇ ವರ್ಷವಿತ್ತು. 2025ರ ನವೆಂಬರ್‌ಗಿಂತ ಮುಂಚಿನ ಬಾಕಿಯಿದ್ದವರು ಆ ಒಂದು ವರ್ಷವನ್ನೇ ಗಡುವೆಂದು ತಿಳಿದು ಬೇಗ ಹೊರಡುವುದು ಕ್ಷೇಮ. ತಡವಾಗಿದ್ದರೆ ಸಕಾರಣ ಬರೆದು ಕೇಳಿ. ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರ ವಿಚಾರಣಾಧಿಕಾರಿಗಿದೆ. ಹತ್ತೂ ಪಟ್ಟು ಸಿಕ್ಕೇ ಸಿಗುತ್ತದೆಂದು ಮನೆಯಲ್ಲಿ ಮಾತ್ರ ಹೇಳಬೇಡಿ.

ಕೆಲಸದಿಂದ ತೆಗೆದದ್ದೇ ಅನ್ಯಾಯ ಅನ್ನುವುದಾದರೆ ಅದು ಬೇರೆ ವ್ಯಾಜ್ಯ, ಬೇರೆ ಅರ್ಜಿ. ಸಂಬಳದ ಅರ್ಜಿಯನ್ನು ಅದಕ್ಕಾಗಿ ಕಾಯಿಸಬೇಡಿ.

ವಕೀಲರ ಫೀಸಿಗೆ ಹೆದರುವವರು ಕಡೂರಿನ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಬಹುದು, ಇಲ್ಲವೇ 15100ಕ್ಕೆ ಕರೆ ಮಾಡಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಕೈಗಾರಿಕಾ ಕಾರ್ಮಿಕರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವಿದೆ.

ಆದೇಶವಾದ ಮೇಲೂ ಹಣ ಬಾರದಿದ್ದರೆ ಅದನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಿಸಬಹುದು. ಮಾಲೀಕರು 90 ದಿನದೊಳಗೆ ಮೇಲ್ಮನವಿ ಹಾಕಲೂಬಹುದು. ಹಾಗಾಗಿ ದಾಖಲೆಗಳಿಟ್ಟ ಪ್ಲಾಸ್ಟಿಕ್ ಕವರನ್ನು ಹಣ ಖಾತೆಗೆ ಬೀಳುವ ತನಕ ಯಾರ ಕೈಗೂ ಕೊಡಬೇಡಿ. ಕೇಳಿದವರಿಗೆ ಜೆರಾಕ್ಸ್ ಸಾಕು.