ಉಯಿಲು ಬರೆದಾಯಿತು, ಓಡಾಡುವವರು ಯಾರು?

ಉಯಿಲು ಬರೆಸಲು ವಕೀಲರ ಎದುರು ಕೂತವರು ತೋಟ ಯಾರಿಗೆ, ಸೈಟು ಯಾರಿಗೆ, ಒಡವೆ ಯಾರಿಗೆ ಎಂಬುದನ್ನು ತಡವರಿಸದೆ ಹೇಳುತ್ತಾರೆ. ‘ಎಕ್ಸಿಕ್ಯೂಟರ್ ಯಾರನ್ನ ಹಾಕೋಣ?’ ಎಂದು ಕೇಳಿದರೆ ಮಾತ್ರ ಒಂದು ಕ್ಷಣ ಸುಮ್ಮನಾಗುತ್ತಾರೆ. ಆಮೇಲೆ ‘ದೊಡ್ಡವನ ಹೆಸರೇ ಬರೀರಿ ಸಾರ್, ಇಲ್ಲಾಂದ್ರೆ ಬೇಜಾರ್ ಮಾಡ್ಕೋತಾನೆ’ ಅನ್ನುತ್ತಾರೆ. ದೊಡ್ಡವನು ಇರುವುದು ಡಲ್ಲಾಸ್‌ನಲ್ಲಿ, ತೋಟ ಇರುವುದು ತಿಪಟೂರಿನಲ್ಲಿ.

ಉಯಿಲಿನ ಸುತ್ತ ಬರುವ ಹೆಸರುಗಳು ಗೌರವದ ಸ್ಥಾನಗಳಲ್ಲ, ಕೆಲಸಗಳು. ಆಸ್ತಿಯನ್ನು ನಿಮಗೆ ಇಷ್ಟ ಬಂದವರಿಗೆ ಕೊಡಿ. ಕೆಲಸವನ್ನು ಮಾತ್ರ ಮಾಡಬಲ್ಲವರಿಗೆ ಒಪ್ಪಿಸಿ.

ಮೊದಲ ಹೆಜ್ಜೆ: ಕೆಲಸಗಳನ್ನು ಬೇರ್ಪಡಿಸಿ

ಒಂದು ಹಾಳೆಯ ಎಡಕ್ಕೆ ಆಸ್ತಿಯ ಪಟ್ಟಿ ಬರೆಯಿರಿ: ಮನೆ, ಜಮೀನು, ಎಫ್‌ಡಿ, ವಿಮೆ, ಪಿಎಫ್, ಷೇರು, ಲಾಕರ್. ಸಾಲವನ್ನೂ ಬಿಡಬೇಡಿ. ಬಲಕ್ಕೆ, ನೀವಿಲ್ಲದ ದಿನ ಪ್ರತಿಯೊಂದಕ್ಕೂ ಯಾರು ಏನು ಮಾಡಬೇಕಾಗುತ್ತದೆ ಎಂದು ಬರೆಯಿರಿ. ನಾಮಿನಿ, ಸಾಕ್ಷಿ, ಎಕ್ಸಿಕ್ಯೂಟರ್, ಮಕ್ಕಳ ಪೋಷಕ, ಜಿಪಿಎ (ಅಧಿಕಾರ ಪತ್ರ) ಪಡೆದವರು ಎಲ್ಲರೂ ಒಬ್ಬರೇ ಆಗಬೇಕಿಲ್ಲ ಎಂಬುದು ಆಗ ತಾನಾಗಿ ಕಾಣುತ್ತದೆ.

ಎರಡನೆಯದು: ಎಕ್ಸಿಕ್ಯೂಟರ್

ಉಯಿಲನ್ನು ಜಾರಿಗೆ ತರುವವರು ಇವರೇ. ಮರಣ ಪ್ರಮಾಣಪತ್ರದ ಹತ್ತಾರು ಪ್ರತಿ ತೆಗೆಸುವುದರಿಂದ ಕೆಲಸ ಶುರು. ಬ್ಯಾಂಕಿಗೆ ತಿಳಿಸಬೇಕು, ಸಾಲ ಮತ್ತು ತೆರಿಗೆ ತೀರಿಸಬೇಕು, ತೀರಿಕೊಂಡವರ ಆ ವರ್ಷದ ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಕೆಯಾಗುವಂತೆ ನೋಡಿಕೊಳ್ಳಬೇಕು. ನಗರದಲ್ಲಿ ಖಾತೆ ಬದಲಾವಣೆ. ಹಳ್ಳಿಯ ಜಮೀನಾದರೆ ಕಥೆ ಇನ್ನೂ ಉದ್ದ: ಅಸಲು ಉಯಿಲು, ಮರಣ ಪತ್ರ, ಪಹಣಿ, ಕೇಳಿದರೆ ವಂಶವೃಕ್ಷ, ಎಲ್ಲವನ್ನೂ ಹಿಡಿದು ನಾಡಕಚೇರಿಗೆ ಹೋಗಬೇಕು. ಮ್ಯುಟೇಶನ್‌ಗೆ ನೋಟಿಸ್ ಹೊರಡುತ್ತದೆ. ಯಾರಾದರೂ ದಾಯಾದಿ ತಕರಾರು ಹಾಕಿದರೆ ತಹಶೀಲ್ದಾರರ ಮುಂದೆ ಹಾಜರಾಗಬೇಕು. ‘ಸಾಹೇಬ್ರು ಮೀಟಿಂಗ್‌ಗೆ ಹೋಗಿದಾರೆ, ನಾಳೆ ಬನ್ನಿ’ ಅನ್ನಿಸಿಕೊಂಡು ನಾಳೆಯೂ ಹೋಗುವ ತಾಳ್ಮೆ ಬೇಕು. ಡಲ್ಲಾಸ್‌ನ ಮಗ ಎಷ್ಟೇ ಒಳ್ಳೆಯವನಾದರೂ ಇದಕ್ಕೆಲ್ಲ ರಜೆ ಸಿಗುವುದಿಲ್ಲ.

ಹಾಗಾಗಿ ಯಾರು ಆಸ್ತಿಗೆ ಹತ್ತಿರದಲ್ಲಿದ್ದಾರೆ, ಯಾರು ಲೆಕ್ಕ ಬರೆದಿಡುತ್ತಾರೆ, ಯಾರು ಫೋನು ಮಾಡಿದರೆ ಉಳಿದ ಮಕ್ಕಳೆಲ್ಲ ಎತ್ತುತ್ತಾರೆ, ಈ ಮೂರನ್ನು ನೋಡಿ. ನನ್ನನ್ನು ಕೇಳಿದರೆ ಮೂರನೆಯದೇ ಮುಖ್ಯ. ಪಾಲು ಪಡೆಯುವವರೇ ಎಕ್ಸಿಕ್ಯೂಟರ್ ಆಗಲು ಕಾನೂನಿನ ಅಡ್ಡಿಯಿಲ್ಲ. ತುಮಕೂರಿನಲ್ಲಿರುವ ಮಗಳು ಎಲ್ಲಕ್ಕೂ ಹೊಂದುತ್ತಾಳೆಂದರೆ ಅವಳನ್ನೇ ಹಾಕಿ. ‘ಹೆಣ್ಣುಮಗಳಿಗೆ ಯಾಕೆ ಓಡಾಟ’ ಎನ್ನುವವರು ಓಡಾಡಲು ಬರುವುದಿಲ್ಲ. ಮಕ್ಕಳ ನಡುವೆ ಆಗಲೇ ಮಾತು ನಿಂತಿದ್ದರೆ ಮಾತ್ರ ಹೊರಗಿನವರು ಬೇಕು: ವಕೀಲರು, ಲೆಕ್ಕ ಪರಿಶೋಧಕರು, ಇಲ್ಲವೇ ಎರಡೂ ಕಡೆಯವರು ಗೌರವಿಸುವ ಸೋದರಮಾವ. ಸಂಭಾವನೆ ಕೊಡುವುದಾದರೆ ಮೊತ್ತವನ್ನು ಉಯಿಲಿನಲ್ಲೇ ಬರೆಯಿರಿ.

ಕಾಯಂ ಒಬ್ಬರ ಜೊತೆಗೆ ಬದಲಿ ಒಬ್ಬರ ಹೆಸರೂ ಇರಲಿ. ಎಪ್ಪತ್ತರ ಗೆಳೆಯನಿಗೆ ಎಪ್ಪತ್ತರ ಗೆಳೆಯನೇ ಎಕ್ಸಿಕ್ಯೂಟರ್ ಆಗುವುದನ್ನು ಎಷ್ಟೋ ಉಯಿಲುಗಳಲ್ಲಿ ಕಾಣುತ್ತೇವೆ. ಹೆಸರು ಹಾಕಿದ ಮಾತ್ರಕ್ಕೆ ಅವರು ಮಾಡಲೇಬೇಕೆಂದೇನೂ ಇಲ್ಲ, ಒಲ್ಲೆ ಎನ್ನಬಹುದು. ಕರ್ನಾಟಕದಲ್ಲಿ ಹಿಂದೂಗಳ ಉಯಿಲಿಗೆ ಪ್ರೊಬೇಟ್ (ಕೋರ್ಟಿನ ದೃಢೀಕರಣ) ಕಡ್ಡಾಯವಲ್ಲ. ಆದರೆ ಜಗಳ ಬಂದರೆ ಕೋರ್ಟಿನ ಮೆಟ್ಟಿಲೂ ಎಕ್ಸಿಕ್ಯೂಟರ್ ಪಾಲಿಗೇ.

ಮೂರನೆಯದು: ಸಾಕ್ಷಿಗಳು

1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಕಲಂ ಪ್ರಕಾರ ಕನಿಷ್ಠ ಇಬ್ಬರು ಸಾಕ್ಷಿಗಳು ಬೇಕು. ನೀವು ಸಹಿ ಮಾಡಿದ್ದನ್ನು ಅವರು ಕಂಡಿರಬೇಕು, ಇಲ್ಲವೇ ‘ಇದು ನನ್ನ ಸಹಿ’ ಎಂದು ನೀವೇ ಅವರಿಗೆ ಹೇಳಿರಬೇಕು. ಅವರು ನಿಮ್ಮೆದುರು ಸಹಿ ಹಾಕಬೇಕು. ಒಳಗೆ ಏನು ಬರೆದಿದೆ ಎಂದು ಅವರಿಗೆ ಗೊತ್ತಿರಬೇಕಿಲ್ಲ.

ಎಡವಟ್ಟಾಗುವುದು ಇಲ್ಲೇ. ಸಬ್ ರಿಜಿಸ್ಟ್ರಾರ್ ಕಚೇರಿಯ ಹೊರಗೆ ಟೀ ಕುಡಿಯುತ್ತ ನಿಂತವರನ್ನು ಕರೆದು ಸಹಿ ಹಾಕಿಸುತ್ತಾರೆ. ಹತ್ತು ವರ್ಷದ ಮೇಲೆ ಉಯಿಲು ಸುಳ್ಳೆಂದು ಒಬ್ಬ ಮಗ ದಾವೆ ಹೂಡಿದಾಗ, ಬದುಕಿರುವ ಒಬ್ಬ ಸಾಕ್ಷಿಯಾದರೂ ಕಟಕಟೆ ಹತ್ತಬೇಕು. ಟೀ ಅಂಗಡಿಯವರನ್ನು ಎಲ್ಲಿ ಹುಡುಕುವುದು? ನಿಮಗಿಂತ ಚಿಕ್ಕವರು, ಊರು ಬಿಡದವರು, ನಿಮ್ಮನ್ನು ಬಲ್ಲವರು ಆಗಲಿ. ವಯಸ್ಸಾಗಿದ್ದರೆ ನಿಮ್ಮ ವೈದ್ಯರು ಒಬ್ಬ ಸಾಕ್ಷಿಯಾಗುವುದು ಉತ್ತಮ, ಬುದ್ಧಿ ಸ್ತಿಮಿತದಲ್ಲಿತ್ತು ಎಂದು ಹೇಳಬಲ್ಲರು. ಕೊನೆಯಲ್ಲಿ ‘ಬಿಕ್ಕಲಂ’ ಎಂದು ಸಹಿ ಮಾಡುವ ಪತ್ರ ಬರಹಗಾರರನ್ನು ಸಾಕ್ಷಿಯ ಲೆಕ್ಕಕ್ಕೆ ಸೇರಿಸಬೇಡಿ.

ಪಾಲು ಪಡೆಯುವವರು ಸಾಕ್ಷಿಯಾಗಬಾರದು. ಕ್ರೈಸ್ತರ ಉಯಿಲಿನಲ್ಲಿ ಸಾಕ್ಷಿಗೆ ಅಥವಾ ಸಾಕ್ಷಿಯ ಗಂಡ ಹೆಂಡತಿಗೆ ಬರೆದ ಪಾಲೇ ಅನೂರ್ಜಿತವಾಗುತ್ತದೆ. ಹಿಂದೂಗಳಿಗೆ ಆ ಕಲಂ ಅನ್ವಯಿಸದಿದ್ದರೂ ಎದುರು ಪಕ್ಷದ ವಕೀಲರಿಗೆ ಅನುಮಾನ ಹುಟ್ಟಿಸಲು ಅಷ್ಟೇ ಸಾಕು. ಮುಸ್ಲಿಮರ ವಸಿಯತ್‌ಗೆ ನಿಯಮಗಳೇ ಬೇರೆ.

ನಾಲ್ಕನೆಯದು: ನಾಮಿನಿ

ನಾಮಿನಿ ಎಂದರೆ ಹಣ ಪಡೆದುಕೊಳ್ಳುವವರು, ಒಡೆಯರಲ್ಲ. ಷೇರುಗಳ ವಿಷಯದಲ್ಲೂ ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ಇದನ್ನೇ ಹೇಳಿದೆ. ಜೀವ ವಿಮೆಯಲ್ಲಿ ಮಾತ್ರ, 2015ರ ತಿದ್ದುಪಡಿಯ ನಂತರ, ತಂದೆತಾಯಿ, ಸಂಗಾತಿ, ಮಕ್ಕಳನ್ನು ನಾಮಿನಿ ಮಾಡಿದರೆ ಹಣ ಅವರದೇ ಆಗುತ್ತದೆ. ಬ್ಯಾಂಕ್ ಖಾತೆಗೆ 2025ರ ನವೆಂಬರ್ 1ರಿಂದ ನಾಲ್ವರವರೆಗೆ ಹೆಸರಿಸಬಹುದು. ಉಯಿಲಿನಲ್ಲಿ ಒಬ್ಬರು, ಬ್ಯಾಂಕಿನಲ್ಲಿ ಇನ್ನೊಬ್ಬರು ಎಂದಾದರೆ ಜಗಳಕ್ಕೆ ನೀವೇ ಕರೆದಂತೆ, ಎರಡನ್ನೂ ಹೊಂದಿಸಿ. ಮದುವೆಗೆ ಮುಂಚೆ ಮಾಡಿದ ಪಿಎಫ್ ನಾಮಿನೇಶನ್ ಮದುವೆಯ ನಂತರ ನಿಲ್ಲುವುದಿಲ್ಲ, ಹೊಸದಾಗಿ ಮಾಡಿ.

ಐದನೆಯದು: ಚಿಕ್ಕ ಮಕ್ಕಳಿದ್ದರೆ

ಮಗುವನ್ನು ಸಾಕುವವರು, ಮಗುವಿನ ಹಣ ನೋಡಿಕೊಳ್ಳುವವರು ಬೇರೆ ಬೇರೆಯಾಗಿದ್ದರೆ ಒಳ್ಳೆಯದು. ಚಿಕ್ಕಮ್ಮನ ಕೈತುತ್ತು ಮಗುವಿಗೆ ಒಗ್ಗಬಹುದು, ಚಿಕ್ಕಪ್ಪನ ವ್ಯಾಪಾರದ ಸಾಲ ಮಗುವಿನ ಎಫ್‌ಡಿಗೆ ಒಗ್ಗದು. ಹಿಂದೂ ಕಾನೂನಿನಲ್ಲಿ ತಂದೆ ಉಯಿಲಿನಲ್ಲಿ ಪೋಷಕರನ್ನು ಹೆಸರಿಸಿದರೂ ತಾಯಿ ಬದುಕಿರುವವರೆಗೆ ಅದು ಜಾರಿಗೆ ಬರುವುದಿಲ್ಲ. ಆದ್ದರಿಂದ ಗಂಡ ಹೆಂಡತಿ ಇಬ್ಬರೂ ತಂತಮ್ಮ ಉಯಿಲಿನಲ್ಲಿ ಒಂದೇ ಹೆಸರು ಬರೆಯಿರಿ. ಹೀಗೆ ನೇಮಕವಾದ ಪೋಷಕರು ಮಗುವಿನ ಸ್ಥಿರಾಸ್ತಿ ಮಾರಬೇಕಾದರೆ ಕೋರ್ಟಿನ ಅನುಮತಿ ಬೇಕು. ಆಟಿಸಂ ಅಥವಾ ಬೌದ್ಧಿಕ ಅಂಗವೈಕಲ್ಯ ಇರುವ ಮಕ್ಕಳಿಗೆ ಹದಿನೆಂಟಾದ ಮೇಲೂ ಪೋಷಕರು ಬೇಕಾದರೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಬಹುದು.

ಆರನೆಯದು: ಬದುಕಿದ್ದಾಗ ಕೈಹಿಡಿಯುವವರು

‘ಜಿಪಿಎ ಮಾಡಿಕೊಟ್ಟಿದ್ದೀನಲ್ಲ’ ಎಂದು ನಿಶ್ಚಿಂತರಾಗಿರುವವರು ಬಹಳ. ನೀವು ತೀರಿಕೊಂಡ ಕ್ಷಣಕ್ಕೆ ಜಿಪಿಎ ಮುಗಿಯಿತು. ಮರೆವಿನ ಕಾಯಿಲೆ ಬಂದು ಮಾನಸಿಕ ಸ್ತಿಮಿತ ತಪ್ಪಿದರೂ ಅದು ಊರ್ಜಿತವಾಗಿ ಉಳಿಯುವುದಿಲ್ಲ. ಹಾಗಾಗಿ ದಿನದ ಖರ್ಚಿನ ಖಾತೆಯನ್ನಾದರೂ ನಂಬಿಕಸ್ಥರೊಬ್ಬರ ಜೊತೆ ಜಂಟಿ ಮಾಡಿಡಿ.

ಐಸಿಯುನಲ್ಲಿ ನಿಮ್ಮ ಪರವಾಗಿ ಮಾತಾಡುವವರು ಯಾರೆಂದು ಜೀವಂತ ಉಯಿಲಿನಲ್ಲಿ ಬರೆಯಬಹುದು. ಸುಪ್ರೀಂ ಕೋರ್ಟ್ 2018ರಲ್ಲಿ ಇದಕ್ಕೆ ಮಾನ್ಯತೆ ಕೊಟ್ಟು, 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಆದೇಶ ಹೊರಡಿಸಿತು. ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ಇಲ್ಲಿ ನಿಮ್ಮನ್ನು ಅತಿಯಾಗಿ ಪ್ರೀತಿಸುವವರಿಗಿಂತ, ನಿಮ್ಮ ಮಾತನ್ನು ವೈದ್ಯರಿಗೆ ಅಳುಕದೆ ಹೇಳಬಲ್ಲವರು ಬೇಕು.

ಏಳನೆಯದು: ಕೇಳಿ, ತಿಳಿಸಿ

ಹೆಸರು ಬರೆಯುವ ಮುನ್ನ ಆ ಮನುಷ್ಯರನ್ನು ಕೇಳಿ. ಯಾರಿಗೆಷ್ಟು ಎಂದು ಹೇಳಬೇಕಿಲ್ಲ, ಅಸಲು ಎಲ್ಲಿದೆ ಎಂದು ಹೇಳಿ. ನಿಮ್ಮೊಬ್ಬರ ಹೆಸರಿನ ಲಾಕರಿನಲ್ಲಿ ಇಟ್ಟರೆ ಅದನ್ನು ತೆರೆಸುವುದೇ ದೊಡ್ಡ ಕೆಲಸವಾದೀತು. ಮೊಹರು ಮಾಡಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿ ಬಳಿ ಠೇವಣಿ ಇಡಲು ಅವಕಾಶವಿದೆ. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಎಕ್ಸಿಕ್ಯೂಟರ್ ತೀರಿಕೊಂಡರೆ, ಊರು ಬಿಟ್ಟರೆ, ಅವರೊಂದಿಗೆ ಮನಸ್ತಾಪವಾದರೆ ಇಡೀ ಉಯಿಲು ಬದಲಿಸಬೇಕಿಲ್ಲ. ಪುಟ್ಟ ಪೂರಕ ಉಯಿಲು ಸಾಕು. ಅದಕ್ಕೂ ಇಬ್ಬರು ಸಾಕ್ಷಿಗಳು ಬೇಕು.