ಜೋಳದ ರೊಟ್ಟಿ: ಕೈಯಿಂದ ಬಡಿಯುವುದೋ, ಯಂತ್ರ ಕೊಳ್ಳುವುದೋ?



ವಿಜಯಪುರ, ಬಾಗಲಕೋಟೆ, ಕಲಬುರಗಿ, ರಾಯಚೂರು, ಗದಗ ಮುಂತಾದ ಜಿಲ್ಲೆಗಳ ಎರೆ ಭೂಮಿಯಲ್ಲಿ ಹಿಂಗಾರಿ ಜೋಳದ ಕ್ಷೇತ್ರ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಾ ಬಂದಿರುವುದು ನಿಮಗೆಲ್ಲ ತಿಳಿದ ಸಂಗತಿ. ಇದಕ್ಕೆ ಕಾರಣಗಳು ಹಲವು. ನೀರಾವರಿ ಬಂದ ಕಡೆ ಕಬ್ಬು ಬಂದಿತು; ಒಣ ಬೇಸಾಯದಲ್ಲಿ ಕಡಲೆ ಹೆಚ್ಚಿತು; 2013ರಲ್ಲಿ ಅನ್ನಭಾಗ್ಯ ಯೋಜನೆ ಆರಂಭವಾದ ಮೇಲೆ ರೇಷನ್ ಅಕ್ಕಿ ಮನೆಮನೆಗೆ ತಲುಪಿತು. ಆದರೆ ನಾವು ಹೆಚ್ಚಾಗಿ ಬರೆಯದೆ ಬಿಡುವ ಇನ್ನೊಂದು ಕಾರಣವಿದೆ. ಅದು ಒಲೆಯ ಮುಂದಿನ ದುಡಿಮೆ.

ಅನ್ನಕ್ಕೆ ಎಸರಿಟ್ಟು ಅಕ್ಕಿ ಹಾಕಿದರೆ ಬೇರೆ ಕೆಲಸ ಮಾಡಿಕೊಳ್ಳಬಹುದು. ರೊಟ್ಟಿಗೆ ಹಾಗಲ್ಲ. ಮೊದಲ ರೊಟ್ಟಿಯಿಂದ ಕೊನೆಯ ರೊಟ್ಟಿಯವರೆಗೂ ಒಬ್ಬರು ಹಂಚಿನ ಮುಂದೆಯೇ ಇರಬೇಕು. ನಸುಕಿನಲ್ಲೆದ್ದು ಇಪ್ಪತ್ತು ಮೂವತ್ತು ರೊಟ್ಟಿ ಬಡಿದು ನಂತರ ಹೊಲಕ್ಕೆ ಹೋಗುವ ತಾಯಂದಿರಿಗೆ ಇದರ ಭಾರ ಗೊತ್ತು. ಬಡಿಯುವವರಿಲ್ಲದ ಮನೆಯಲ್ಲಿ ಜೋಳದ ಚೀಲ ಪೇಟೆಗೆ ಹೋಗುತ್ತದೆ. ಮುಂದಿನ ವರ್ಷ ಬಿತ್ತನೆಯೂ ಕಡಿಮೆಯಾಗುತ್ತದೆ. ಆದುದರಿಂದ ರೊಟ್ಟಿ ಯಂತ್ರದ ವಿಚಾರ ಅಡುಗೆಮನೆಗೆ ಎಷ್ಟು ಸಂಬಂಧಿಸಿದೆಯೋ ಹೊಲಕ್ಕೂ ಅಷ್ಟೇ ಸಂಬಂಧಿಸಿದೆ. ಈ ಯಂತ್ರ ಏನು ಮಾಡಬಲ್ಲದು, ಏನು ಮಾಡಲಾರದು, ಯಾರು ಕೊಳ್ಳಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಜೋಳದ ಹಿಟ್ಟು ಕೂಡುವ ಬಗೆ

ಗೋದಿ ಹಿಟ್ಟಿಗೆ ನೀರು ಹಾಕಿ ನಾದಿದಾಗ ಗ್ಲುಟೆನ್ ಎಂಬ ಅಂಟು ಸಸಾರಜನಕ ಬಲೆಯಂತೆ ಹೆಣೆದುಕೊಳ್ಳುತ್ತದೆ. ಅದರಿಂದ ಚಪಾತಿ ಹಿಟ್ಟು ಎಳೆದರೆ ಹಿಗ್ಗುತ್ತದೆ, ಬ್ರೆಡ್ ಉಬ್ಬಿ ನಿಲ್ಲುತ್ತದೆ. ಜೋಳದಲ್ಲಿ ಸಸಾರಜನಕ ಶೇಕಡಾ 10ರ ಆಸುಪಾಸಿನಲ್ಲಿದ್ದರೂ ಅದು ಇಂತಹ ಬಲೆ ಹೆಣೆಯುವುದಿಲ್ಲ. ತಣ್ಣೀರಿನಲ್ಲಿ ಕಲಸಿದ ಜೋಳದ ಹಿಟ್ಟು ಬಡಿಯುವಾಗಲೇ ಬಿರಿಯುವುದು ಈ ಕಾರಣದಿಂದಲೇ.

ಜೋಳದ ಹಿಟ್ಟಿಗೆ ಜಿಗಿ ಬರುವುದು ಪಿಷ್ಟದಿಂದ. ಸುಮಾರು 70 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಪಿಷ್ಟದ ಕಣಗಳು ನೀರು ಹೀರಿ ಉಬ್ಬಿ ಅಂಟಾಗುತ್ತವೆ. ನಮ್ಮ ತಾಯಂದಿರು ಹಿಟ್ಟಿನ ನಡುವೆ ಕುದಿಯುವ ಎಸರು ಸುರಿದು ಕಲಸುವುದರ ಗುಟ್ಟು ಇದೇ. ಹಿಟ್ಟಿನ ಒಂದು ಭಾಗ ಬೆಂದು ಅಂಟಾಗುತ್ತದೆ. ಉಳಿದ ಭಾಗವನ್ನು ಆ ಅಂಟು ಹಿಡಿದಿಡುತ್ತದೆ. ಎಸರು ಆರಿದ್ದರೆ ಎಷ್ಟು ನಾದಿದರೂ ಫಲವಿಲ್ಲ.

ಕೈ ಮಾಡುವ ಕೆಲಸ

ಬಡಿಯುವುದು ಹಿಟ್ಟನ್ನು ಅಗಲ ಮಾಡುವ ಕೆಲಸವೆಂದು ಮೇಲ್ನೋಟಕ್ಕೆ ಅನ್ನಿಸುತ್ತದೆ. ವಾಸ್ತವವಾಗಿ ಕೈ ಅದಕ್ಕಿಂತ ಹೆಚ್ಚಿನದನ್ನು ಮಾಡುತ್ತದೆ. ಕಲಸಿದ ಹಿಟ್ಟು ಇಟ್ಟಷ್ಟೂ ಆರಿ ಬಿರುಸಾಗುತ್ತದೆ. ಅನುಭವಿಗಳು ಪ್ರತಿ ರೊಟ್ಟಿಗೂ ಬೇಕಾದಷ್ಟೇ ಹಿಟ್ಟು ತೆಗೆದುಕೊಂಡು, ನೀರು ಮುಟ್ಟಿಸಿ, ಅಂಗೈ ಬುಡದಿಂದ ಮತ್ತೊಮ್ಮೆ ನಾದುತ್ತಾರೆ. ಒಣಗಿದ್ದರೆ ನೀರು, ಸಡಿಲವಾಗಿದ್ದರೆ ಒಣ ಹಿಟ್ಟು. ಅಂಚು ಬಿರಿದರೆ ಬೆರಳಿನಿಂದ ಒತ್ತಿ ಕೂಡಿಸುತ್ತಾರೆ. ಹಿಟ್ಟಿನ ಕೊರತೆಯನ್ನು ಕೈ ಹೀಗೆ ಹೆಜ್ಜೆಹೆಜ್ಜೆಗೂ ತುಂಬಿಕೊಡುತ್ತದೆ.

ಹಂಚಿಗೆ ಹಾಕಿದೊಡನೆ ಮೇಲ್ಮೈಗೆ ನೀರು ಸವರುವುದಕ್ಕೂ ಅರ್ಥವಿದೆ. ಮೇಲಿರುವ ಒಣ ಹಿಟ್ಟು ನೀರಿನಲ್ಲಿ ಬೆಂದು ತೆಳುವಾದ ಪೊರೆಯಾಗುತ್ತದೆ. ರೊಟ್ಟಿ ತಿರುವಿ ಹಾಕಿದ ಮೇಲೆ ಒಳಗಿನ ಹಬೆ ಹೊರಗೆ ಹೋಗದಂತೆ ಆ ಪೊರೆ ತಡೆಯುವುದರಿಂದ ರೊಟ್ಟಿ ಉಬ್ಬುತ್ತದೆ. ನೀರು ಸವರದಿದ್ದರೆ ಅಥವಾ ತಡವಾಗಿ ಸವರಿದರೆ ಮೇಲ್ಮೈ ಬಿರಿದು ಹಬೆ ಸೋರಿಹೋಗುತ್ತದೆ.

ಯಂತ್ರಗಳಲ್ಲಿ ಹಲವು ಬಗೆ

ಮೊದಲನೆಯದು, ಎರಡು ತಟ್ಟೆಗಳ ನಡುವೆ ಉಂಡೆಯಿಟ್ಟು ಹಿಡಿಕೆಯಿಂದ ಒತ್ತುವ ಕೈ ಯಂತ್ರ. ಬೆಲೆ ಕಡಿಮೆ, ವಿದ್ಯುತ್ ಬೇಡ. ಉಂಡೆಯ ಕೆಳಗೂ ಮೇಲೂ ಆಹಾರಕ್ಕೆ ಯೋಗ್ಯವಾದ ಹಾಳೆಯಿಟ್ಟರೆ ಹಿಟ್ಟು ಅಂಟುವುದಿಲ್ಲ. ತೀರ ತೆಳುವಾದ ರೊಟ್ಟಿ ಇದರಲ್ಲಿ ಕಷ್ಟ.

ಎರಡನೆಯದು, ಬಿಸಿಯಾಗುವ ಎರಡು ತಟ್ಟೆಗಳ ಸಣ್ಣ ವಿದ್ಯುತ್ ಯಂತ್ರ. ಇವುಗಳಲ್ಲಿ ಹೆಚ್ಚಿನವು ಗೋದಿ ಚಪಾತಿಗೆಂದು ಮಾಡಿದವು. ಜೋಳದ ಉಂಡೆ ಅಗಲವಾಗುವ ಮೊದಲೇ ಅದರ ಮೇಲ್ಮೈ ಗಟ್ಟಿಯಾಗಿ ಅಂಚು ಒಡೆಯುತ್ತದೆ. ಜೋಳಕ್ಕಾಗಿ ಇದನ್ನು ಕೊಳ್ಳದಿರುವುದು ಮೇಲು.

ಮೂರನೆಯದು, ಮೋಟಾರಿನಿಂದ ನಡೆಯುವ ಯಂತ್ರ. ಹಿಟ್ಟನ್ನು ಉರುಳೆಗಳ ನಡುವೆ ಹಾಯಿಸಿ ಗುಂಡಗೆ ಕತ್ತರಿಸುವುದು ಅಥವಾ ಉಂಡೆಯನ್ನು ಒತ್ತಿ ಹರಡುವುದು ಇದರ ಕೆಲಸ. ಬೇಯಿಸುವುದನ್ನು ನಾವೇ ಮಾಡಬೇಕು. ನಾಲ್ಕನೆಯದರಲ್ಲಿ ಒತ್ತಿದ ರೊಟ್ಟಿ ಸಾಗುಪಟ್ಟಿಯ ಮೇಲೆ ಹೋಗಿ ಗ್ಯಾಸಿನ ಉರಿಯಲ್ಲಿ ಬೆಂದು ಬರುತ್ತದೆ. ಇದು ದೊಡ್ಡ ಉದ್ದಿಮೆಗೆ ಮಾತ್ರ ತಕ್ಕುದು. ಇವಲ್ಲದೆ ಹಿಟ್ಟು ನಾದುವ ಯಂತ್ರ ಪ್ರತ್ಯೇಕವಾಗಿ ಸಿಗುತ್ತದೆ. ನಾದುವುದೇ ತೋಳಿಗೆ ಹೆಚ್ಚು ಭಾರದ ಕೆಲಸವಾದ್ದರಿಂದ, ನಾದುವುದು ಯಂತ್ರದಿಂದ, ಬಡಿಯುವುದು ಕೈಯಿಂದ ಎಂಬ ನಡುದಾರಿ ಅನೇಕರಿಗೆ ಒಪ್ಪುತ್ತದೆ.

ಯಂತ್ರ ಯಾವುದೇ ಇರಲಿ, ಒಂದು ಮಾತು ನೆನಪಿಡಿ. ಕೈಯಂತೆ ಅದು ಹಿಟ್ಟಿನ ತಪ್ಪನ್ನು ತಿದ್ದಲಾರದು. ಕೊಟ್ಟ ಹಿಟ್ಟನ್ನು ಹಾಗೆಯೇ ಒತ್ತುತ್ತದೆ. ಆದುದರಿಂದ ಯಂತ್ರಕ್ಕೆ ಕೈಗಿಂತಲೂ ಒಳ್ಳೆಯ ಕಾಳು, ಒಳ್ಳೆಯ ಹಿಟ್ಟು ಬೇಕು.

ಯಂತ್ರಕ್ಕೆ ಹಿಟ್ಟಿನ ಹದ

1. ಗಿರಣಿಯಲ್ಲಿ ನುಣ್ಣಗೆ ಬೀಸಿಸಿ ಜರಡಿ ಹಿಡಿಯಿರಿ. ದಪ್ಪ ತರಿ ಇದ್ದ ಕಡೆ ರೊಟ್ಟಿ ಹರಿಯುತ್ತದೆ.

2. ಹಿಟ್ಟನ್ನೂ ನೀರನ್ನೂ ಅಳೆದೇ ಹಾಕಿರಿ. ಒಂದು ಕಿಲೋ ಹಿಟ್ಟಿಗೆ ಸುಮಾರು 800 ಮಿಲಿಲೀಟರಿನಿಂದ ಒಂದು ಲೀಟರ್ ನೀರು ಹಿಡಿಯುತ್ತದೆ. ನಿಮ್ಮ ಕಾಳಿಗೆ ಎಷ್ಟೆಂದು ಎರಡು ಮೂರು ಸಲ ನೋಡಿ ಬರೆದಿಟ್ಟುಕೊಳ್ಳಿರಿ.

3. ನೀರು ಕುದಿಯುತ್ತಿರುವಾಗಲೇ ಹಿಟ್ಟಿಗೆ ಸುರಿಯಿರಿ. ಮರದ ಕೋಲಿನಿಂದ ಕಲಸಿ, ಹತ್ತು ನಿಮಿಷ ಮುಚ್ಚಿಟ್ಟು, ಬೆಚ್ಚಗಿರುವಾಗಲೇ ಚೆನ್ನಾಗಿ ನಾದಬೇಕು.

4. ಒಂದು ಉಂಡೆಯನ್ನು ಅಂಗೈಯಿಂದ ಒತ್ತಿ ನೋಡಿರಿ. ಅಂಚು ಬಿರಿಯದಿದ್ದರೆ ಹದ ಬಂದಿದೆ. ಬಿರಿದರೆ ಬಿಸಿ ನೀರು ಚಿಮುಕಿಸಿ ಮತ್ತೆ ನಾದಿರಿ.

5. ಒಂದು ಬಾರಿಗೆ ಬೇಗ ಮುಗಿಯುವಷ್ಟು ಹಿಟ್ಟನ್ನು ಮಾತ್ರ ಕಲಸಿ, ಒದ್ದೆ ಬಟ್ಟೆ ಮುಚ್ಚಿಡಿರಿ.

ಹಿಟ್ಟು ಕೂಡದಿದ್ದಾಗ ಮೈದಾ ಅಥವಾ ಗೋದಿ ಹಿಟ್ಟು ಬೆರೆಸುವಂತೆ ಕೆಲವರು ಹೇಳುವುದುಂಟು. ಮನೆಯೂಟಕ್ಕೆ ಅದು ನಿಮ್ಮ ಇಷ್ಟ. ಮಾರಾಟದ ರೊಟ್ಟಿಗೆ ಬೆರೆಸಿ ಬರೀ ಜೋಳದ್ದೆಂದು ಹೇಳಿದರೆ ಅದು ಮೋಸವಷ್ಟೇ ಅಲ್ಲ, ಅಪಾಯವೂ ಹೌದು. ಗೋದಿಯ ಗ್ಲುಟೆನ್ ಒಗ್ಗದ ರೋಗಿಗಳು ಜೋಳವೆಂದು ನಂಬಿ ಕೊಂಡು ತಿನ್ನುತ್ತಾರೆ. ಬೆರೆಸಿದ್ದರೆ ಪೊಟ್ಟಣದ ಮೇಲೆ ಬರೆಯಲೇಬೇಕು.

ಒಳ್ಳೆಯ ರೊಟ್ಟಿ ಹೊಲದಲ್ಲೇ ಆರಂಭ

ಮಾಲದಂಡಿ ಜೋಳದ ಹೆಸರು ಯಾರಿಗೆ ಗೊತ್ತಿಲ್ಲ! ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ 1930ರ ದಶಕದಲ್ಲಿ ಸ್ಥಳೀಯ ಮಾಲದಂಡಿಯಿಂದ ಆಯ್ಕೆ ಮಾಡಿದ ಎಂ. 35-1 ತಳಿ ಇಂದಿಗೂ ಹಿಂಗಾರಿಯಲ್ಲಿ ನಿಂತಿದೆ. 1964ರಲ್ಲಿ ದೇಶದ ಮೊದಲ ಸಂಕರಣ ಜೋಳ ಸಿ.ಎಸ್.ಎಚ್.-1 ಬಂದು ಇಳುವರಿ ಹೆಚ್ಚಿದರೂ, ರೊಟ್ಟಿಗೆ ಮಾಲದಂಡಿಯೇ ಬೇಕೆನ್ನುವ ಮನೆಗಳು ಕಡಿಮೆಯಾಗಲಿಲ್ಲ. ವಿಜಯಪುರದಲ್ಲಿ ಅಭಿವೃದ್ಧಿಪಡಿಸಿದ ಬಿ.ಜೆ.ವಿ.-44ರಂತಹ ಸುಧಾರಿತ ತಳಿಗಳೂ ಈಗ ಬೇಸಾಯದಲ್ಲಿವೆ. ನಿಮ್ಮ ಭೂಮಿಯ ಆಳಕ್ಕೆ ತಕ್ಕ ತಳಿ ಯಾವುದೆಂದು ಕೇಳಿ ಆರಿಸಿಕೊಳ್ಳಬೇಕು.

ತಳಿಯಷ್ಟೇ ಮುಖ್ಯವಾದದ್ದು ಕೊಯ್ಲು. ಮುಂಗಾರಿ ಜೋಳ ಬಲಿಯುವಾಗ ಮಳೆ ಹಿಡಿದರೆ ತೆನೆಗೆ ಬೂಸರು ಬರುತ್ತದೆ, ಕೆಲವು ಕಾಳು ತೆನೆಯಲ್ಲೇ ಮೊಳೆಯುತ್ತವೆ. ಮೊಳೆತ ಕಾಳಿನಲ್ಲಿ ಕಿಣ್ವಗಳು ಪಿಷ್ಟವನ್ನು ಒಡೆದುಹಾಕುವುದರಿಂದ ಕುದಿಯುವ ಎಸರು ಸುರಿದರೂ ಜಿಗಿ ಬರುವುದಿಲ್ಲ. ಹಿಂಗಾರಿ ಬೆಳೆ ಒಣ ಹವೆಯಲ್ಲಿ ಬಲಿಯುವುದರಿಂದ ಅದರ ಕಾಳು ಮುತ್ತಿನಂತಿರುತ್ತದೆ. ಕಾಳಿನ ಬುಡದಲ್ಲಿ ಕಪ್ಪು ಚುಕ್ಕೆ ಕಂಡರೆ ಬಲಿತಿದೆಯೆಂದು ತಿಳಿದು, ಒಣಗಿಸಿ ಒಕ್ಕಿ, ತೇವಾಂಶ ಶೇಕಡಾ 10ರಿಂದ 12ಕ್ಕೆ ಇಳಿದ ಮೇಲೆ ಸಂಗ್ರಹಿಸಬೇಕು. ಬೂಸರು ಹಿಡಿದ ಕಾಳನ್ನು ರೊಟ್ಟಿಗೆ ಬಳಸಲೇಬಾರದು.

ಕಾಳಿನ ಮೊಳಕೆ ಭಾಗದಲ್ಲಿ ಜಿಡ್ಡು ಇರುವುದರಿಂದ ಬೀಸಿದ ಹಿಟ್ಟು ಬೇಗ ಕಮಟಾಗುತ್ತದೆ. ವರ್ಷವಿಡೀ ರೊಟ್ಟಿ ಮಾರುವವರು ಕಾಳನ್ನು ಸಂಗ್ರಹಿಸಿಟ್ಟು, ವಾರಕ್ಕೆ ಬೇಕಾದಷ್ಟನ್ನೇ ಬೀಸಿಸಬೇಕು.

ಖರ್ಚಿನ ಲೆಕ್ಕ

ಒಂದು ಉದಾಹರಣೆ ನೋಡೋಣ. ಯಂತ್ರಕ್ಕೆ 1,50,000 ರೂಪಾಯಿ, ಬಾಳಿಕೆ 5 ವರ್ಷ, ವರ್ಷಕ್ಕೆ 250 ದಿನ ಕೆಲಸ ಎಂದಿಟ್ಟುಕೊಳ್ಳಿ. ದಿನಕ್ಕೆ ಯಂತ್ರದ ಭಾರ 120 ರೂಪಾಯಿ. ದಿನಕ್ಕೆ 300 ರೊಟ್ಟಿ ಮಾರಿದರೆ ಒಂದು ರೊಟ್ಟಿಯ ಮೇಲೆ ಬೀಳುವುದು 40 ಪೈಸೆ. 60 ರೊಟ್ಟಿಯಾದರೆ 2 ರೂಪಾಯಿ. ಬಡ್ಡಿ, ವಿದ್ಯುತ್, ದುರಸ್ತಿ ಇದರ ಮೇಲೆ. ಯಂತ್ರ ಎಷ್ಟು ರೊಟ್ಟಿ ಮಾಡಬಲ್ಲದು ಎಂದು ಮಾರುವವರು ಹೇಳುತ್ತಾರೆ. ನೀವು ಎಷ್ಟು ರೊಟ್ಟಿ ಮಾರಬಲ್ಲಿರಿ ಎಂಬುದನ್ನು ನೀವೇ ಕಂಡುಕೊಳ್ಳಬೇಕು.

ಮನೆಯ ಜೋಳಕ್ಕೆ ಬೆಲೆ ಕಟ್ಟದಿರುವುದು ಇನ್ನೊಂದು ಸಾಮಾನ್ಯ ತಪ್ಪು. 2025–26ರಲ್ಲಿ ಕೇಂದ್ರ ಸರ್ಕಾರ ಸಂಕರಣ ಜೋಳಕ್ಕೆ ಕ್ವಿಂಟಲಿಗೆ 3,699 ರೂಪಾಯಿ, ಮಾಲದಂಡಿಗೆ 3,749 ರೂಪಾಯಿ ಬೆಂಬಲ ಬೆಲೆ ಗೊತ್ತುಪಡಿಸಿತು. ಒಂದು ಕ್ವಿಂಟಲ್ ಮಾಲದಂಡಿಯಿಂದ 95 ಕಿಲೋ ಹಿಟ್ಟು, ಕಿಲೋಗೆ 12 ರೊಟ್ಟಿ ಎಂದು ಹಿಡಿದರೆ 1,140 ರೊಟ್ಟಿಯಾಗುತ್ತವೆ. ಅಂದರೆ ಪ್ರತಿ ರೊಟ್ಟಿಯಲ್ಲಿರುವ ಜೋಳದ ಬೆಲೆಯೇ ಸುಮಾರು 3 ರೂಪಾಯಿ 30 ಪೈಸೆ. ಇದಕ್ಕೆ ಬೀಸುವ ಖರ್ಚು, ಉರುವಲು, ಯಂತ್ರದ ಭಾರ, ಪೊಟ್ಟಣ ಮತ್ತು ದುಡಿದವರ ಕೂಲಿ ಕೂಡಿಸಿ ಮಾರಾಟದ ಬೆಲೆ ನಿರ್ಧರಿಸಿರಿ. ಮನೆಯ ಹೆಣ್ಣುಮಕ್ಕಳ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯದೆ ತೋರುವ ಲಾಭ ಲಾಭವೇ ಅಲ್ಲ.

ಯಾರಿಗೆ ಯಾವುದು?

ಮನೆಮಂದಿಗೆ ಮಾತ್ರ ರೊಟ್ಟಿ ಬೇಕಾದವರು ಮೋಟಾರು ಯಂತ್ರಕ್ಕೆ ಸಾಲ ಮಾಡಬೇಕಾಗಿಲ್ಲ. ಕೈ ಬಡಿತವೇ ಸಾಕು. ಕೈ ಸೋತವರು ಒತ್ತುವ ಕೈ ಯಂತ್ರ ಬಳಸಬಹುದು.

ಬಿಸಿಬಿಸಿ ಮೆತ್ತನೆಯ ರೊಟ್ಟಿಯನ್ನು ಖಾನಾವಳಿಗೆ ಕೊಡುವವರಿಗೆ ನಾದುವ ಯಂತ್ರ ಮತ್ತು ಕೈ ಬಡಿತ ಕೂಡಿದ ಪದ್ಧತಿ ಒಳ್ಳೆಯದು. ಉಬ್ಬುವುದೂ ಮೆತ್ತಗಿರುವುದೂ ಇಲ್ಲಿ ಮುಖ್ಯ. ಅದರಲ್ಲಿ ಕೈಯೇ ಮುಂದು.

ಕಟಕ ರೊಟ್ಟಿ ಮಾಡುವ ಮಹಿಳಾ ಸ್ವಸಹಾಯ ಸಂಘಗಳಿಗೆ ಮೋಟಾರು ಯಂತ್ರ ಹೆಚ್ಚು ಹೊಂದುತ್ತದೆ. ಕಟಕ ರೊಟ್ಟಿ ಹೇಗೂ ಒಣಗಿ ಗರಿಗರಿಯಾಗಬೇಕು. ಅಲ್ಲಿ ಬೇಕಾದುದು ಒಂದೇ ಅಳತೆ, ಒಂದೇ ತೆಳುವು. ಅದನ್ನು ಯಂತ್ರ ಚೆನ್ನಾಗಿ ಮಾಡುತ್ತದೆ. ಪೂರ್ತಿ ಆರಿದ ಮೇಲೆ ಗಾಳಿಯಾಡದಂತೆ ಕಟ್ಟಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲವಾದ್ದರಿಂದ ದೂರದ ಪೇಟೆಗೂ ಕಳಿಸಬಹುದು.

ಕೊಳ್ಳುವ ಮುನ್ನ

ನಿಮ್ಮ ಹೊಲದ ಜೋಳದ ಹಿಟ್ಟು ಐದು ಕಿಲೋ ತೆಗೆದುಕೊಂಡು ಹೋಗಿ, ಒಂದೇ ಸಮನೆ ಐವತ್ತು ರೊಟ್ಟಿ ಮಾಡಿ ತೋರಿಸಲು ಕೇಳಿರಿ. ಎಷ್ಟು ಹರಿದವು, ಎಷ್ಟು ಉಬ್ಬಿದವು ಎಂದು ಎಣಿಸಿರಿ. ಅವನ್ನು ಮನೆಗೆ ತಂದು ಆರು ತಾಸಿನ ಮೇಲೆ ಮುರಿದು ನೋಡಿ, ಹಿರಿಯರಿಗೆ ತಿನ್ನಲು ಕೊಡಿರಿ. ಬಿಡಿಭಾಗ ಎಲ್ಲಿ ಸಿಗುತ್ತದೆ, ರಿಪೇರಿಗೆ ಯಾರು ಬರುತ್ತಾರೆ ಎಂಬುದನ್ನು ಬರೆಸಿಕೊಳ್ಳಿರಿ. ಉರುಳೆಗಳಿಗೆ ರಕ್ಷಣಾ ಮುಚ್ಚಳ, ಮೋಟಾರಿಗೆ ಭೂಸಂಪರ್ಕ ಇರಲೇಬೇಕು. ಕೆಲಸ ಮಾಡುವವರು ಸೀರೆಯ ಸೆರಗು ಬಿಗಿದು ಕಟ್ಟಿ ಬಳೆ ತೆಗೆದಿಡಬೇಕು. ಮಾರಾಟ ಮಾಡುವವರು ಆಹಾರ ಸುರಕ್ಷತಾ ನೋಂದಣಿ ಪಡೆಯಬೇಕು. ಸಹಾಯಧನ ನಂಬಿ ಮುಂಗಡ ಕೊಡುವ ಮೊದಲು ಯೋಜನೆ ಜಾರಿಯಲ್ಲಿದೆಯೇ ಎಂದು ಕೃಷಿ ಇಲಾಖೆಯಲ್ಲಿ ವಿಚಾರಿಸಿರಿ.

ಒಟ್ಟಿನಲ್ಲಿ, ಯಂತ್ರ ಉಳಿಸುವುದು ಬಡಿಯುವ ಶ್ರಮವನ್ನು ಮಾತ್ರ. ಕಾಳಿನ ಗುಣವನ್ನು ಹೊಲದಲ್ಲಿ, ಹಿಟ್ಟಿನ ಜಿಗಿಯನ್ನು ಎಸರಿನಲ್ಲಿ ನಾವೇ ತರಬೇಕು. ಇವೆರಡನ್ನು ಮೊದಲು ಸರಿಪಡಿಸಿಕೊಂಡು, ಮಾರಾಟದ ದಾರಿ ಖಚಿತಪಡಿಸಿಕೊಂಡು, ನಂತರ ಯಂತ್ರದ ಮಾತು ಆಡಿರಿ. ಹೆಚ್ಚಿನ ಮಾಹಿತಿಗೆ ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು. ಹೋಗುವಾಗ ಮನೆಯಲ್ಲಿ ರೊಟ್ಟಿ ಮಾಡುವವರನ್ನೂ ಜೊತೆಗೆ ಕರೆದುಕೊಂಡು ಹೋಗಿರಿ. ಕೇಳಬೇಕಾದ ಪ್ರಶ್ನೆಗಳು ಅವರಿಗೇ ಚೆನ್ನಾಗಿ ಗೊತ್ತು.