ಮುಧೋಳ ಜೋಡಿಯೊಡನೆ ದಿಲ್ಲಿಗೆ ಹೊರಟವರಿಗೆ

ಗಿಣಿಗೇರಾದ ಉಕ್ಕಿನ ಕಾರ್ಖಾನೆ ಕೆಲಸ ಬಿಟ್ಟು ದಿಲ್ಲಿ ಕಡೆ ಸಂಸಾರ ಹೂಡಲು ಹೊರಟಿರಾ? ಜೊತೆಗೆ ಪ್ರದರ್ಶನಕ್ಕೆ ಸಾಕಿದ ಮುಧೋಳ ನಾಯಿಗಳೂ ಇದ್ದರೆ ಒಂದು ಮಾತು. ರೈಲಿನಲ್ಲಿ ಅವನ್ನು ನಿಮ್ಮೊಡನೆಯೇ ಇಟ್ಟುಕೊಳ್ಳಲು ಎ.ಸಿ. ಫಸ್ಟ್ ಕ್ಲಾಸಿನ ಕೂಪೆಯೋ ಕ್ಯಾಬಿನ್ನೋ ಇಡಿಯಾಗಿ ನಿಮ್ಮದಾಗಬೇಕು; ಇಲ್ಲವಾದರೆ ಗಾರ್ಡ್ ಡಬ್ಬಿಯ ಪೆಟ್ಟಿಗೆಯೇ ಗತಿ. ಬೇಸಿಗೆಯಲ್ಲಿ ಆ ಪೆಟ್ಟಿಗೆ ಬೇಡವೇ ಬೇಡ. ರೇಬಿಸ್ ಲಸಿಕೆಯ ಚೀಟಿ ಕೈಚೀಲದಲ್ಲಿರಲಿ, ಟ್ರಂಕಿನ ತಳದಲ್ಲಲ್ಲ. ಪ್ರದರ್ಶನದ ಮಾತಿಗೆ ಬಂದರೆ, ಕೆನಲ್ ಕ್ಲಬ್ ಆಫ್ ಇಂಡಿಯಾದ ಪಟ್ಟಿಯಲ್ಲಿ ನಮ್ಮ ಮುಧೋಳಕ್ಕೆ ‘ಕ್ಯಾರವಾನ್ ಹೌಂಡ್’ ಎಂದು ಹೆಸರು; ‘ಮುಧೋಳ’ ಸಿಗಲಿಲ್ಲವೆಂದು ಗಾಬರಿಯಾಗಬೇಡಿ. ಇನ್ನು ದಿಲ್ಲಿಯ ಚಳಿ. ಗಿಡ್ಡ ಕೂದಲಿನ, ಮೈಯಲ್ಲಿ ಕೊಬ್ಬೇ ಇಲ್ಲದ ಪ್ರಾಣಿ ಅದು. ಜನವರಿಯ ರಾತ್ರಿ ಬೆಚ್ಚಗೆ ಹೊದಿಸಿ. ಊರಿನಿಂದ ಹಳೆಯ ಕೌದಿಯೊಂದನ್ನು ಒಯ್ದರೆ ಇನ್ನೂ ಒಳ್ಳೆಯದು, ಅದರ ವಾಸನೆ ಅವಕ್ಕೆ ಗೊತ್ತು.